ಫಲಿತಾಂಶ ತಿಳಿಯುವ ಮೊದಲಿನ ಪಾಠ

ನಮಸ್ಕಾರ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಫೋರ್ಡ್ ಕಂಪನಿಯ ಒಂದು ವಿಭಾಗದಲ್ಲಿ ಬಿಲ್ಲುಗಳನ್ನು ಕೂಡಿ ಲೆಕ್ಕ ಹಾಕುತ್ತಿರಲಿಲ್ಲವಂತೆ. ಕಂತೆ ಕಟ್ಟಿ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರಂತೆ. ಇಷ್ಟು ತೂಕದ ಕಾಗದಕ್ಕೆ ಇಷ್ಟು ಖರ್ಚು ಎಂಬ ಅಂದಾಜು! ಜಗತ್ತಿಗೆ ಕಾರು ಓಡಿಸುವುದನ್ನು ಕಲಿಸಿದ ಕಂಪನಿಗೆ ತನ್ನ ಕೈಯಲ್ಲಿ ಎಷ್ಟು ಹಣವಿದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. 1946ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಅಂಕಿ ಅಂಶ ವಿಭಾಗದಿಂದ ಹತ್ತು ಮಂದಿ ಯುವಕರು ಒಟ್ಟಾಗಿ ಆ ಕಂಪನಿ ಸೇರಿದರು. ‘ವಿಜ್ ಕಿಡ್ಸ್’, ಅಂದರೆ ಚುರುಕು ಬುದ್ಧಿಯ ಹುಡುಗರು ಎಂದು ಹೆಸರಾದವರು ಅವರೇ. ಆ ಗುಂಪಿನಲ್ಲಿದ್ದ, ಮುಂದೆ ಅಮೆರಿಕದ ರಕ್ಷಣಾ ಸಚಿವರಾದ ರಾಬರ್ಟ್ ಮ್ಯಾಕ್‌ನಮಾರ ಅವರ ಹೆಸರನ್ನು ಬಹಳ ಮಂದಿ ಕೇಳಿದ್ದೀರಿ. ನಾನು ಇವತ್ತು ಮಾತನಾಡಲು ಹೊರಟಿರುವುದು ಅದೇ ಗುಂಪಿನ ಆರ್ಜೆ ಮಿಲ್ಲರ್ ಅವರ ಬಗ್ಗೆ, ಮತ್ತು ಅವರಂತೆ ಕಾರು ಕಂಪನಿಯ ಎತ್ತರದ ಕುರ್ಚಿಯಿಂದ ಎದ್ದು ಬಂದು ಬಿಸಿನೆಸ್ ಶಾಲೆಯ ತರಗತಿ ಹೊಕ್ಕವರ ಬಗ್ಗೆ.

ಮಿಲ್ಲರ್ ಫೋರ್ಡ್‌ನ ಹಣಕಾಸಿಗೆ ಶಿಸ್ತು ತಂದವರಲ್ಲಿ ಒಬ್ಬರು. 1963ರಲ್ಲಿ ಕಂಪನಿಯ ಅಧ್ಯಕ್ಷರಾದರು. 1968ರಲ್ಲಿ ಕಂಪನಿಯ ಚುಕ್ಕಾಣಿ ಹಿಡಿದಿದ್ದ, ಸ್ಥಾಪಕರ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡ್, ಪ್ರತಿಸ್ಪರ್ಧಿ ಜನರಲ್ ಮೋಟಾರ್ಸ್‌ನಿಂದ ಬಂಕಿ ಕ್ನುಡ್ಸನ್ ಅವರನ್ನು ಕರೆತಂದು ಅಧ್ಯಕ್ಷ ಸ್ಥಾನದಲ್ಲಿ ಕೂರಿಸಿದರು. ಮಿಲ್ಲರ್ ಅವರಿಗೆ ಮತ್ತೊಂದು ಹುದ್ದೆ ಕೊಟ್ಟರು, ಹೆಸರಿಗೆ ದೊಡ್ಡದು. ಮರುವರ್ಷ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಶಾಲೆಯ ಡೀನ್ ಆಗಿ ಹೊರಟರು, 1979ರವರೆಗೆ ಅಲ್ಲಿದ್ದರು.

ಅವರು ಆ ಶಾಲೆಗೆ ಒಯ್ದದ್ದು ಏನನ್ನು? ಫೋರ್ಡ್ ಲಾಭ ಗಳಿಸಿದ ಗುಟ್ಟನ್ನೇ? ಅಲ್ಲ. 1967ರ ಜುಲೈನಲ್ಲಿ ಅಮೆರಿಕದ ಕಾರು ಉದ್ಯಮದ ಕೇಂದ್ರವಾದ ಡೆಟ್ರಾಯಿಟ್ ನಗರ ಹೊತ್ತಿ ಉರಿಯಿತು. ವರ್ಣಭೇದ, ನಿರುದ್ಯೋಗ, ಪೊಲೀಸರ ದಬ್ಬಾಳಿಕೆಯ ವಿರುದ್ಧ ಕುದಿಯುತ್ತಿದ್ದ ಸಿಟ್ಟು ಬೀದಿಗೆ ಬಂದು 43 ಜನ ಸತ್ತರು. ಆಗ ಮಿಲ್ಲರ್ ಅದೇ ಪ್ರದೇಶದ ಅತಿ ದೊಡ್ಡ ಕಂಪನಿಗಳಲ್ಲಿ ಒಂದರ ಅಧ್ಯಕ್ಷರು. ಪ್ರತಿ ಡಾಲರಿಗೂ ಲೆಕ್ಕವಿಟ್ಟ ಮನುಷ್ಯನ ಲೆಕ್ಕಪತ್ರದಲ್ಲಿ ತನ್ನ ಕಾರ್ಖಾನೆಯ ಆಸುಪಾಸಿನ ನಗರದ ಸ್ಥಿತಿಗೆ ಒಂದು ಸಾಲೂ ಇರಲಿಲ್ಲ. ಸ್ಟ್ಯಾನ್‌ಫರ್ಡ್‌ಗೆ ಬಂದಾಗ ಅವರು ಪಟ್ಟು ಹಿಡಿದದ್ದು ಸಾರ್ವಜನಿಕ ಆಡಳಿತವನ್ನು ಬಿಸಿನೆಸ್ ವಿದ್ಯಾರ್ಥಿಗಳಿಗೆ ಕಲಿಸಬೇಕು ಎಂದು. ಸರ್ಕಾರದಲ್ಲಿ, ಸೇವಾ ಸಂಸ್ಥೆಗಳಲ್ಲಿ ದುಡಿಯಲು ಬಯಸುವವರಿಗೂ ಅದೇ ಮಟ್ಟದ ತರಬೇತಿ ಸಿಗಬೇಕು ಎಂದು. ಆ ಕಾರ್ಯಕ್ರಮ 1970ರ ದಶಕದ ಆರಂಭದಲ್ಲೇ ಶುರುವಾಯಿತು. ಇಂದಿಗೂ ಆ ಶಾಲೆಯಲ್ಲಿ ಪ್ರತಿ ತಂಡದ ಮೇಲಿನ ಶೇ 10ರಷ್ಟು ವಿದ್ಯಾರ್ಥಿಗಳಿಗೆ ಸಲ್ಲುವ ಗೌರವ ಮಿಲ್ಲರ್ ಹೆಸರಿನಲ್ಲಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅಧಿಕಾರದಲ್ಲಿದ್ದಾಗ ತನ್ನ ಕಣ್ಣಿಗೆ ಬೀಳದೇ ಹೋದದ್ದನ್ನೇ ಅವರು ಪಾಠವನ್ನಾಗಿ ಮಾಡಿದ್ದು.

ಇನ್ನೊಬ್ಬರು ಜೆರಾಲ್ಡ್ ಮೆಯರ್ಸ್. ಇವರ ಬದುಕು ನನ್ನ ವಾದಕ್ಕೆ ಇನ್ನೂ ಹತ್ತಿರ. ಅಮೆರಿಕನ್ ಮೋಟಾರ್ಸ್ ಎಂಬ ಕಂಪನಿ ಇತ್ತು. ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಎಂಬ ಮೂರು ಆನೆಗಳ ನಡುವೆ ಹೇಗೋ ಜೀವ ಹಿಡಿದುಕೊಂಡಿದ್ದ ಕಂಪನಿ. 1977ರಲ್ಲಿ ಅದರ ಚುಕ್ಕಾಣಿ ಹಿಡಿದಾಗ ಮೆಯರ್ಸ್ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಹೊಸ ಕಾರನ್ನು ಬುಡದಿಂದ ರೂಪಿಸಲು ಹಣವಿಲ್ಲ. ಆದ್ದರಿಂದ ಇದ್ದ ಕಾಂಕಾರ್ಡ್ ಕಾರಿನ ಮೈಗೇ ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯಿಸುವ ವ್ಯವಸ್ಥೆಯನ್ನು ಜೋಡಿಸಿ, ಈಗಲ್ ಎಂಬ ವಾಹನವನ್ನು 1980ರ ಮಾದರಿಯಾಗಿ ಬಿಟ್ಟರು. ಇವತ್ತು ರಸ್ತೆ ತುಂಬ ಕಾಣುವ, ಅರ್ಧ ಕಾರು ಅರ್ಧ ಜೀಪಿನಂಥ ವಾಹನಗಳ ಹಿರಿಯಣ್ಣ ಅದು. ಬಂಡವಾಳಕ್ಕಾಗಿ ಫ್ರಾನ್ಸಿನ ರೆನೊ ಕಂಪನಿಯ ಕೈ ಹಿಡಿದರು. ಅಷ್ಟರಲ್ಲಿ ಎರಡನೇ ತೈಲ ಬಿಕ್ಕಟ್ಟು ಎರಗಿತು. 1980ರ ಡಿಸೆಂಬರಿನಲ್ಲಿ, ಅವರ ಕಂಪನಿಯ ಜೀಪ್ ತಿರುವಿನಲ್ಲಿ ಮಗುಚಿ ಬೀಳುವ ಪರೀಕ್ಷೆಯ ದೃಶ್ಯಗಳನ್ನು ಅಮೆರಿಕದ ಜನಪ್ರಿಯ ಟಿ.ವಿ. ಸುದ್ದಿ ಕಾರ್ಯಕ್ರಮವೊಂದು ದೇಶಕ್ಕೆಲ್ಲ ತೋರಿಸಿತು. 1982ರಲ್ಲಿ ಮೆಯರ್ಸ್ ಹೊರಬಂದರು. ಐದು ವರ್ಷಗಳ ನಂತರ ಕ್ರೈಸ್ಲರ್ ಆ ಕಂಪನಿಯನ್ನು ಕೊಂಡುಕೊಂಡಿತು. ಅಮೆರಿಕನ್ ಮೋಟಾರ್ಸ್ ಎಂಬ ಹೆಸರು ಅಳಿಯಿತು, ಜೀಪ್ ಉಳಿಯಿತು.

ಹೊರಬಂದ ಮೆಯರ್ಸ್ ಏನು ಮಾಡಿದರು? ಕಾರ್ನೆಗಿ ಮೆಲನ್‌ನಲ್ಲಿ, ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅವರು ಆರಿಸಿಕೊಂಡ ವಿಷಯ ಬಿಕ್ಕಟ್ಟು ನಿರ್ವಹಣೆ. 1986ರಲ್ಲಿ ಬಂದ ಅವರ ಪುಸ್ತಕ ಉದ್ಯಮದ ಬಿಕ್ಕಟ್ಟುಗಳನ್ನು ಒಂಬತ್ತು ಬಗೆಯಾಗಿ ವಿಂಗಡಿಸುತ್ತದೆ: ಜನರ ಕಣ್ಣಲ್ಲಿ ಹೆಸರು ಕೆಡುವುದು, ಮಾರುಕಟ್ಟೆ ಹಠಾತ್ತನೆ ತಿರುಗುವುದು, ಉತ್ಪನ್ನ ಸೋಲುವುದು, ನಗದು ಬತ್ತುವುದು, ಹೀಗೆ. ಆ ಪಟ್ಟಿಯನ್ನು ಅವರ ಐದು ವರ್ಷಗಳ ಪಕ್ಕದಲ್ಲಿಟ್ಟು ನೋಡಿ. ಎಷ್ಟೊಂದನ್ನು ಸ್ವತಃ ಅನುಭವಿಸಿ ಬಂದಿದ್ದರು! ಅಂಥವರು ಹಲಗೆಯ ಮುಂದೆ ನಿಂತು ‘ನಗದು ಬತ್ತಿತು’ ಎಂದರೆ ಆ ಮಾತಿಗೆ ಇರುವ ತೂಕ ಪಠ್ಯಪುಸ್ತಕದ ಮಾತಿಗೆ ಇರುವುದಿಲ್ಲ.

ಈಗ ನನ್ನ ಮಾತು ಹೇಳುತ್ತೇನೆ. ನಿವೃತ್ತ ಅಧಿಕಾರಿಯಿಂದ ವಿದ್ಯಾರ್ಥಿಗಳಿಗೆ ಸಿಗಬೇಕಾದದ್ದು ಗೆಲುವಿನ ಸೂತ್ರವಲ್ಲ. ಫಲಿತಾಂಶ ಗೊತ್ತಿಲ್ಲದ ದಿನ ನಿರ್ಧಾರ ಎಂಬುದು ಹೇಗಿರುತ್ತದೆ ಎಂಬ ಅರಿವು. ಇದನ್ನು ಕಲಿಸಲು ಕಾರು ಉದ್ಯಮದವರಷ್ಟು ತಕ್ಕವರು ಬೇರೆ ಯಾರೂ ಇಲ್ಲವೆಂದು ನಾನು ನಂಬುತ್ತೇನೆ. ಹೊಸ ಕಾರು ಕಾಗದದಿಂದ ರಸ್ತೆಗೆ ಇಳಿಯಲು ವರ್ಷಗಟ್ಟಲೆ ಬೇಕು. ಜೇಡಿಮಣ್ಣಿನ ಮಾದರಿಗೆ ಒಪ್ಪಿಗೆ ಬಿದ್ದ ಮೇಲೆ ಅಚ್ಚುಗಳಿಗೆ ಆರ್ಡರ್ ಹೋಗುತ್ತದೆ, ಬಿಡಿಭಾಗ ಪೂರೈಸುವವರು ತಮ್ಮ ಯಂತ್ರಗಳಿಗೆ ಸಾಲ ಎತ್ತುತ್ತಾರೆ. ಗ್ರಾಹಕ ಬೇಕು ಅಥವಾ ಬೇಡ ಎನ್ನುವ ಹೊತ್ತಿಗೆ ಹಣವೆಲ್ಲ ಉಕ್ಕಾಗಿ ಬಿಟ್ಟಿರುತ್ತದೆ. ತೀರ್ಮಾನಕ್ಕೂ ಅದರ ಫಲಕ್ಕೂ ನಡುವೆ ಇಷ್ಟು ಉದ್ದದ ಕತ್ತಲೆ ಇರುವ ಉದ್ಯಮಗಳು ಕಡಿಮೆ.

ಎಡ್ಸೆಲ್ ಕಾರನ್ನೇ ತೆಗೆದುಕೊಳ್ಳಿ. ಫೋರ್ಡ್ 1957ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿ 1959ರ ನವೆಂಬರಿನಲ್ಲಿ ಕೈಬಿಟ್ಟ ಕಾರು. ನಷ್ಟ ಸುಮಾರು 25 ಕೋಟಿ ಡಾಲರ್ ಎಂದು ಹೇಳುತ್ತಾರೆ. ಅದನ್ನು ನೆನೆದರೆ ಎಲ್ಲರೂ ನಗುತ್ತಾರೆ. ನಗುವ ವಿದ್ಯಾರ್ಥಿಗಳ ಮುಂದೆ ಒಳ್ಳೆಯ ಮೇಷ್ಟರು 1955ರ ಚಿತ್ರವನ್ನು ಮಾತ್ರ ಇಡಬೇಕು. ಅಮೆರಿಕದಲ್ಲಿ ಕಾರು ಮಾರಾಟ ದಾಖಲೆ ಮುಟ್ಟಿದೆ. ಮಧ್ಯಮ ಬೆಲೆಯ ಕಾರುಗಳು ಬಿಸಿಬಿಸಿ ಖರ್ಚಾಗುತ್ತಿವೆ. ಆ ವರ್ಗದಲ್ಲಿ ಜನರಲ್ ಮೋಟಾರ್ಸ್ ಬಳಿ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್ ಎಂಬ ಮೂರು ಹೆಸರುಗಳಿವೆ. ಫೋರ್ಡ್ ಬಳಿ ಮರ್ಕ್ಯುರಿ ಒಂದೇ. ಫೋರ್ಡ್ ಕಾರಿನಿಂದ ಮೇಲೇರುವ ಗ್ರಾಹಕ ಎದುರಾಳಿಯ ಅಂಗಡಿಗೆ ನಡೆಯುತ್ತಿದ್ದಾನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಬರೆದು ಹೆಸರು ಹಾಕಿ ಕೊಡಿ. ಹೆಸರು ಹಾಕಿಸುವುದು ಮುಖ್ಯ. ಬಹುತೇಕರು ಹೊಸ ಕಾರು ತರಬೇಕು ಎಂದೇ ಬರೆಯುತ್ತಾರೆಂದು ನನಗೆ ಅನ್ನಿಸುತ್ತದೆ. ಆಮೇಲೆ ಮುಂದಿನ ಹಾಳೆ: ಕಾರು ಬರುವ ಹೊತ್ತಿಗೆ ಆರ್ಥಿಕ ಹಿಂಜರಿತ, ಮಧ್ಯಮ ಬೆಲೆಯ ಮಾರುಕಟ್ಟೆ ಕುಸಿತ. ಈಗ ತರಗತಿಯಲ್ಲಿ ನಗು ಇರುವುದಿಲ್ಲ. ನಿಜವಾದ ಪ್ರಶ್ನೆ ಏಳುತ್ತದೆ: ತಪ್ಪು ಎಲ್ಲಿತ್ತು? ಮೊದಲ ತೀರ್ಮಾನದಲ್ಲೋ, ದಾರಿಯಲ್ಲಿ ಸೂಚನೆಗಳು ಕಂಡಾಗ ನಿಲ್ಲಿಸದೇ ಹೋದದ್ದರಲ್ಲೋ, ಕಾರಿನ ಗುಣಮಟ್ಟದಲ್ಲೋ? ಈ ಚರ್ಚೆಯನ್ನು ನಡೆಸಲು, ಅಂಥ ಕೋಣೆಯಲ್ಲಿ ಸಹಿ ಹಾಕಿದ ಕೈ ಬೇಕು.

ಆದರೆ ಆ ಕೈಗೆ ಒಂದು ಅಭ್ಯಾಸ ಬಿಡುವುದು ಕಷ್ಟ. ಮೂವತ್ತು ವರ್ಷ ಮಾತು ಮುಗಿಸಿದ ಕೂಡಲೇ ಎಲ್ಲರೂ ತಲೆಯಾಡಿಸುವುದನ್ನು ಕಂಡವರಿಗೆ ಇಪ್ಪತ್ತೆರಡರ ಹುಡುಗಿಯೊಬ್ಬಳು ‘ನಿಮ್ಮ ವಾದ ಸರಿಯಿಲ್ಲ ಸರ್’ ಎಂದರೆ ಮುಖ ಕೆಂಪಾಗುತ್ತದೆ. ಅಲ್ಲಿಯೇ ಶಿಕ್ಷಕ ಹುಟ್ಟುತ್ತಾನೆ, ಅಥವಾ ಹುಟ್ಟುವುದಿಲ್ಲ. ಉತ್ತರ ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ಕಾಯುವುದು ಆಜ್ಞೆ ಕೊಡುವುದಕ್ಕಿಂತ ಬಹಳ ಕಠಿಣವಾದ ಕೆಲಸ. ಮರೀನಾ ವಿಟ್‌ಮನ್ ಅವರಂಥವರಿಗೆ ಇದು ಸುಲಭವಾಗಿದ್ದೀತು. ಅವರು ಮೊದಲೇ ಪ್ರಾಧ್ಯಾಪಕಿ, 1979ರಿಂದ 1992ರವರೆಗೆ ಜನರಲ್ ಮೋಟಾರ್ಸ್‌ನಲ್ಲಿದ್ದು, ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯ ಸೇರಿ ಮತ್ತೆ ಪಾಠಕ್ಕೆ ಮರಳಿದವರು. ಆದರೆ ನೇರವಾಗಿ ಮಂಡಳಿಯ ಸಭೆಯಿಂದ ಬಂದವರಿಗೆ ಕಾಲೇಜುಗಳು ಸಮಯ ಕೊಡಬೇಕು. ವಾರ್ಷಿಕೋತ್ಸವಕ್ಕೆ ಹಾರ ಹಾಕಿ, ಒಂದು ಗಂಟೆ ಮಾತನಾಡಿಸಿ, ಫೋಟೊ ತೆಗೆಸಿ ಕಳಿಸುವ ಪದ್ಧತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಕೊಡುವುದಾದರೆ ಇಡೀ ಸೆಮಿಸ್ಟರ್ ಕೊಡಿ, ಉತ್ತರ ಪತ್ರಿಕೆ ತಿದ್ದಿಸಿ. ಅನುಭವಿ ಅಧ್ಯಾಪಕರೊಬ್ಬರನ್ನು ಜೊತೆಗೆ ನಿಲ್ಲಿಸಿ, ಅವರಿಂದ ಇವರು ಕಲಿಯಲಿ.

ಕಂಪನಿಗಳಿಗೂ ಒಂದು ಮಾತಿದೆ. ನಿವೃತ್ತರು ನೆನಪಿನಿಂದ ಪಾಠ ಮಾಡಿದರೆ, ನೆನಪು ತಾನಾಗಿಯೇ ಅವರನ್ನು ಜಾಣರನ್ನಾಗಿ ಮಾಡಿಬಿಡುತ್ತದೆ. ಅದಕ್ಕೆ ಮದ್ದು ಹಳೆಯ ಕಡತ. ತಯಾರಿಕೆ ನಿಂತು ಇಪ್ಪತ್ತು ವರ್ಷವಾದ ಕಾರಿನ ಬಗ್ಗೆ ನಡೆದ ಸಭೆಯ ಟಿಪ್ಪಣಿ, ಮಾರಾಟದ ಅಂದಾಜು, ‘ಇದು ಬೇಡ’ ಎಂದು ಯಾರೋ ಬರೆದ ಪತ್ರ, ಇವುಗಳಲ್ಲಿ ಇನ್ನು ಯಾವ ಗುಟ್ಟು ಉಳಿದಿರುತ್ತದೆ? ನಿವೃತ್ತರಿಗೆ ಬೀಳ್ಕೊಡುಗೆಯ ದಿನ ಗಡಿಯಾರ ಕೊಡುವ ಬದಲು ಆ ಕಡತಗಳ ಪ್ರತಿ ಕೊಡಿ, ತರಗತಿಯಲ್ಲಿ ಬಳಸಲು ಅನುಮತಿಯನ್ನೂ ಬರೆದು ಕೊಡಿ.