ಯಾರಿಗೆ ಏನು ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ನಾಟಕದ ಅಂಗಗಳು ಮತ್ತು ಅದರ ಪರಿಭಾಷೆ ಬಗ್ಗೆ ಮಾತಾಡಿ ಅಂತ ಮೈಸೂರು ಆಕಾಶವಾಣಿಯವರು ಕರೆದಿದ್ದಾರೆ. ಪರೀಕ್ಷೆಗೆ ಓದುವ ಮಕ್ಕಳು ಪೆನ್ನು ಹಿಡಿದು ಕೂತಿರಬಹುದು. ಸದ್ಯಕ್ಕೆ ಪೆನ್ನು ಕೆಳಗಿಡಿ. ನಾನು ಮಾತಾಡ್ತಿರೋದು ಮುಖ್ಯವಾಗಿ ಜಾತ್ರೆಗೋ ಹಬ್ಬಕ್ಕೋ ನಾಟಕ ಕಟ್ಟಿಕೊಂಡು, ರಾತ್ರಿ ಊಟ ಮುಗಿಸಿ ತಾಲೀಮಿಗೆ ಹೊರಡುವ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕಲಾವಿದರ ಹತ್ತಿರ.

ನಾಟಕಕ್ಕೆ ಬೇಕಾದ್ದು ಒಂದೇ. ಒಬ್ಬನಿಗೆ ಏನೋ ಬೇಕು, ಇನ್ನೊಬ್ಬ ಅದಕ್ಕೆ ಅಡ್ಡ ನಿಂತಿದ್ದಾನೆ. ಸಂಘರ್ಷ ಅನ್ನೋದು ಇದಕ್ಕೇ. ರಾಮನ ಪಟ್ಟಾಭಿಷೇಕಕ್ಕೆ ಅಯೋಧ್ಯೆಯವರೆಲ್ಲ ತೋರಣ ಕಟ್ಟಿದರೂ ನಾಟಕ ಶುರುವಾಗಲ್ಲ. ಕೈಕೇಯಿ ಕೋಪಗೃಹ ಹೊಕ್ಕಳು ಅನ್ನಿ, ಶುರು.

ನಮ್ಮ ಆಲಂಕಾರಿಕರು, ಅಂದರೆ ಹಳೆಯ ಕಾವ್ಯಶಾಸ್ತ್ರ ಬರೆದವರು, ನಾಟಕದ ಅಂಗ ವಸ್ತು (ಅಂದರೆ ಕಥೆ), ನಾಯಕ, ರಸ ಅಂತ ಮೂರು ಹೇಳಿದರು. ಗ್ರೀಸಿನ ಅರಿಸ್ಟಾಟಲ್ ಕಥಾಸಂವಿಧಾನ, ಪಾತ್ರ, ಆಲೋಚನೆ, ಮಾತು, ಸಂಗೀತ, ದೃಶ್ಯ ಅಂತ ಆರು ಹೇಳಿದ. ಕಥಾಸಂವಿಧಾನ, ಅಂದರೆ ಕಥೆ ಹೆಣೆಯುವ ರೀತಿಯೇ ಎಲ್ಲಕ್ಕಿಂತ ಮೊದಲು ಅಂದ. ಮೂರಾಗಲಿ ಆರಾಗಲಿ, ನೀವು ಕೇಳಬೇಕಾದ ಪ್ರಶ್ನೆ ಅದೇ: ಯಾರಿಗೆ ಏನು ಬೇಕು, ಅಡ್ಡ ಯಾರು?

ಮದ್ದೂರಿನ ಆಚೆ ಒಂದು ಹಳ್ಳಿಗೆ ಕುರುಕ್ಷೇತ್ರ ನಾಟಕದ ತಾಲೀಮು ನೋಡಲು ಹೋಗಿದ್ದೆ. ಶಾಲೆಯ ಜಗಲಿ, ಒಂದೇ ಬಲ್ಬು, ಅದರ ಸುತ್ತ ಹುಳ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕೂತಿದ್ದಾರೆ. ಕೃಷ್ಣ ಸಂಧಾನದ ಸೀನು. ದುರ್ಯೋಧನನ ಪಾತ್ರ ಒಬ್ಬ ಕಬ್ಬು ಬೆಳೆಗಾರರದ್ದು. ಗದೆ ಇನ್ನೂ ಬಂದಿರಲಿಲ್ಲ, ಒಂದು ಕಬ್ಬಿನ ಜಲ್ಲೆಯನ್ನೇ ಹೆಗಲ ಮೇಲಿಟ್ಟುಕೊಂಡಿದ್ದರು. ಕಂಠ ಅಂದರೆ ಕಂಠ! ಆದರೆ ಪದ್ಯ ಮುಗಿದು ಮಾತಿಗೆ ಬಂದ ಕೂಡಲೇ ಬರೀ ಅರಚಾಟ. ಮಾತು ಮರೆಯೋರು, ಮರೆತಷ್ಟೂ ಜೋರಾಗಿ ಕೂಗೋರು. ಮೇಷ್ಟ್ರಿಗೆ ರೇಗಿಹೋಗಿತ್ತು.

ನಾನು ಕೇಳಿದೆ, "ಅಣ್ಣಾ, ಇಲ್ಲಿ ನಿಮಗೆ ಏನು ಬೇಕು?"

"ಪದ್ಯಕ್ಕೆ ಒಂದು ವನ್ಸ್ ಮೋರ್ ಬಿದ್ರೆ ಸಾಕು ಸಾ."

"ನಿಮಗಲ್ಲ, ದುರ್ಯೋಧನನಿಗೆ."

ಜಲ್ಲೆ ಕೆಳಗಿಳಿಸಿ ಯೋಚಿಸಿದರು. "ಅವನಿಗೇನೂ ಬ್ಯಾಡ ಸಾ. ಇರೋದನ್ನ ಬುಡಬಾರ್ದು, ಅಷ್ಟೇಯ. ಐದು ಹಳ್ಳಿ ಕೇಳ್ತಾವ್ರೆ. ಇವತ್ತು ಬದ ಒತ್ತಕ್ಕೆ ಬುಟ್ರೆ ನಾಳೆ ಗದ್ದೆನೇ ಹೋಯ್ತದೆ."

ಪಕ್ಕದಲ್ಲಿದ್ದ ಶಕುನಿ, "ಪಾಪ, ಅವರ ಕೇಸು ಇನ್ನೂ ಕೋರ್ಟಲ್ಲೇ ಅದೆ" ಅಂದ. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಎದ್ದು ನಿಂತು, ಸೂಜಿಮೊನೆಯಷ್ಟು ನೆಲವನ್ನೂ ಕೊಡೆನು ಅನ್ನೋ ಮಾತನ್ನ ಮೆಲ್ಲಗೆ, ಕೃಷ್ಣನ ಮುಖ ನೋಡಿಯೇ ಹೇಳಿದರು. ಕೃಷ್ಣ ಪಾತ್ರಧಾರಿ ತನ್ನ ಮಾತು ಮರೆತ! ಅಲ್ಲಿಂದ ಮುಂದೆ ಇವರು ಒಂದು ಮಾತೂ ತಪ್ಪಲಿಲ್ಲ. ಬೇಕಾದ್ದೇನು ಅಂತ ಗೊತ್ತಾದ ಮೇಲೆ ಮಾತು ತಾನಾಗಿಯೇ ಬರುತ್ತೆ ಸ್ವಾಮಿ, ಉರು ಹೊಡೆಯುವ ಕಷ್ಟ ಅರ್ಧ ತಪ್ಪುತ್ತೆ.

ಈ ಕಥೆ ಹಿಡಿದರೆ ನನಗೆ ಹೊತ್ತು ಹೋಗೋದೇ ತಿಳಿಯಲ್ಲ. ಈಗ ಪೆನ್ನು ತಗೊಳ್ಳಿ ಮಕ್ಕಳೇ, ಬೇಗ ಬೇಗ ಹೇಳ್ತೀನಿ. ನಾಟಕದ ದೊಡ್ಡ ಭಾಗ ಅಂಕ, ಅದರೊಳಗಿನ ತುಣುಕು ದೃಶ್ಯ. ಪಾತ್ರ ತನ್ನೊಳಗೇ ಆಡಿಕೊಳ್ಳುವ ಮಾತು ಸ್ವಗತ. ಒಳ್ಳೆಯ ಸ್ವಗತದಲ್ಲಿ ಅಡ್ಡ ನಿಂತವನೂ ಅವನೇ ಆಗಿರ್ತಾನೆ. ರಂಗದ ಮೇಲೆ ಉಳಿದವರಿಗೆ ಕೇಳಿಸದ ಹಾಗೆ ಒಬ್ಬನ ಹತ್ತಿರ ಮಾತ್ರ ಆಡೋದು ಜನಾಂತಿಕ. ಪರದೆಯ ಹಿಂದಿನ ಜಾಗ ನೇಪಥ್ಯ. ಕಾರ್ಯಕ್ಕೆ, ಅಂದರೆ ನಾಯಕ ಸಾಧಿಸಹೊರಟ ಕೆಲಸಕ್ಕೆ, ಐದು ಅವಸ್ಥೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಬೇಕು ಅನ್ನಿಸೋದು, ಪ್ರಯತ್ನ ಪಡೋದು, ಸಿಕ್ಕೀತು ಅನ್ನೋ ಆಸೆ, ಸಿಕ್ಕೇ ಸಿಗುತ್ತೆ ಅನ್ನೋ ಭರವಸೆ, ಕೊನೆಗೆ ಸಿಗೋದು. ನೋಡಿ, ಐದರಲ್ಲೂ ಇರೋದು ಆ 'ಬೇಕು'.

ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ ನಮ್ಮ ಶ್ರೀರಂಗಪಟ್ಟಣದ್ದೇ. ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯ ಬರೆದ 'ಮಿತ್ರವಿಂದಾ ಗೋವಿಂದ'. ಅದಕ್ಕೆ ಮೂಲ ಶ್ರೀಹರ್ಷನ ಸಂಸ್ಕೃತ ನಾಟಕ 'ರತ್ನಾವಳಿ'. ಅಲ್ಲಿ ರಾಜ ಉದಯನನಿಗೆ ಸಾಗರಿಕೆ ಅನ್ನೋ ಹುಡುಗಿ ಬೇಕು, ಅಡ್ಡ ನಿಂತವಳು ರಾಣಿ ವಾಸವದತ್ತೆ.

ಅಭಿನಯ ನಾಲ್ಕು ಬಗೆ: ಮೈಕೈಯಿಂದ ಆಂಗಿಕ, ಮಾತಿನಿಂದ ವಾಚಿಕ, ಆಹಾರ್ಯ, ಒಳಗಿನ ಭಾವದಿಂದ ಸಾತ್ವಿಕ. ಆಹಾರ್ಯ ಅಂದರೆ ವೇಷಭೂಷಣ, ಬಣ್ಣ, ಕಿರೀಟ. ನಮ್ಮ ಸಂಘಗಳು ದುಡ್ಡೆಲ್ಲ ಸುರಿಯೋದು ಇಲ್ಲೇ. ಸೀನರಿಯವರಿಗೆ ಮುಂಗಡ ಕೊಟ್ಟಾಗಿರುತ್ತೆ, ತಾಲೀಮಿಗೆ ಮಾತ್ರ ಅರ್ಧ ಜನ ಬಂದಿರಲ್ಲ. ದಯವಿಟ್ಟು ಇವತ್ತು ರಾತ್ರಿ ಎಲ್ಲರೂ ಹೋಗಿ. ಸಾತ್ವಿಕಾಭಿನಯಕ್ಕೆ, ಬೆಳಕಿನ ವಿಚಾರಕ್ಕೆ ಸಮಯ ಉಳಿದಿಲ್ಲ. ಇನ್ನೊಮ್ಮೆ ಕರೆದರೆ ಅಲ್ಲಿಂದಲೇ ಶುರುಮಾಡ್ತೀನಿ. ನಮಸ್ಕಾರ.