ಸಾದಾ ಹಾಕ್ಲಾ, ಪವರ್ ಹಾಕ್ಲಾ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಯಾವುದೇ ಪೆಟ್ರೋಲ್ ಬಂಕಿಗೆ ಹೋಗಿ. ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲೇ ಹುಡುಗ ಕೇಳುತ್ತಾನೆ, "ಸಾರ್, ಸಾದಾ ಹಾಕ್ಲಾ, ಪವರ್ ಹಾಕ್ಲಾ?" ಪವರ್ ಅಂದರೆ ದುಬಾರಿ ಪ್ರೀಮಿಯಂ ಪೆಟ್ರೋಲ್. ಅದನ್ನು ಹಾಕಿಸಿದರೆ ಪಿಕಪ್ ಜಾಸ್ತಿಯಾಗುತ್ತದೆ ಎಂದು ನಂಬಿ ಹಾಕಿಸುವವರು ಬಹಳ. ಆಗಲ್ಲ. ಅಂದರೆ, ಸುಮ್ನೆ ಹಾಕಿಸಿದರೆ ಆಗಲ್ಲ. ಇಂಜಿನ್ ಟ್ಯೂನ್ ಮಾಡಿಸುವವರಿಗೆ, ಅಂದರೆ ಜಾಸ್ತಿ ಶಕ್ತಿ ಬರಲೆಂದು ಅದರ ಹೊಂದಾಣಿಕೆ ಬದಲಾಯಿಸಿಕೊಳ್ಳುವವರಿಗೆ ಮಾತ್ರ ಈ ಪ್ರಶ್ನೆಗೆ ನಿಜವಾಗಿ ತೂಕ ಇದೆ. ಅವರಲ್ಲೂ ಎಷ್ಟೋ ಜನ ಗಾಡಿ ಗ್ಯಾರೇಜಿನಿಂದ ಹೊರಗೆ ಬಂದ ಮೇಲೆ ಪೆಟ್ರೋಲ್ ಬಗ್ಗೆ ಯೋಚಿಸುತ್ತಾರೆ. ಯೋಚಿಸಬೇಕಾದದ್ದು ಒಳಗೆ ಬಿಡುವ ಮೊದಲು.

ಸಿಲಿಂಡರಿನೊಳಗೆ ಏನಾಗುತ್ತದೆ ನೋಡೋಣ. ಪಿಸ್ಟನ್ ಮೇಲೆ ಬಂದು ಗಾಳಿ, ಪೆಟ್ರೋಲ್ ಎರಡನ್ನೂ ಒತ್ತುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಪ್ಲಗ್ಗಿನಿಂದ ಹೊರಟು ಸುತ್ತಲೂ ಹರಡುತ್ತದೆ. ಅದು ಮೂಲೆ ತಲುಪುವ ಮೊದಲೇ, ಅಲ್ಲಿ ಉಳಿದ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಡೆಯಲಾರದೆ ತಾನೇ ಹೊತ್ತಿಕೊಂಡರೆ ಅದೇ ನಾಕಿಂಗ್. ಹೊರಗಿನವರಿಗೆ ಡಬ್ಬಿಯಲ್ಲಿ ನಟ್ಟು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅಂತ ಕೇಳುತ್ತದೆ. ಹಾಗೆ ತಾನಾಗಿ ಹೊತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಎನ್ನುವುದರ ಅಳತೆ ಆಕ್ಟೇನ್, ಅಷ್ಟೇ. ಐಸೋ ಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್‌ಗೆ ಸೊನ್ನೆ. ನಿಮ್ಮ ಪೆಟ್ರೋಲ್ 91 ಅಂದರೆ, ಪರೀಕ್ಷೆಯ ಇಂಜಿನ್ನಿನಲ್ಲಿ ಅದು 91 ಪಾಲು ಐಸೋ ಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ್ದರ ಸಮಕ್ಕೆ ನಿಂತಿತು ಎಂದರ್ಥ. ನಂಬರ್ ಜಾಸ್ತಿಯಾದರೆ ಲೀಟರಿನಲ್ಲಿರುವ ಶಕ್ತಿ ಜಾಸ್ತಿಯಾಗಲ್ಲ. ಹಿಂದೆ ಈ ನಂಬರ್ ಏರಿಸಲು ಪೆಟ್ರೋಲ್‌ಗೆ ಸೀಸ ಬೆರೆಸುತ್ತಿದ್ದರು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲೇ ಕಂಡುಹಿಡಿದ ದಾರಿ ಅದು. ನಮ್ಮ ದೇಶದಲ್ಲಿ ಆ ವಿಷ ಪೂರ್ತಿ ನಿಂತದ್ದು 2000ದಲ್ಲಿ.

ಹಾಗಾದರೆ ಟ್ಯೂನಿಂಗ್‌ಗೆ ಆಕ್ಟೇನ್ ಯಾಕೆ ಬೇಕು? ಆಕ್ಟೇನ್ ಜಾಸ್ತಿ ಇದ್ದರೆ ನಾಕ್ ಆಗದಂತೆ ಕಿಡಿಯನ್ನು ಇನ್ನೂ ಸ್ವಲ್ಪ ಬೇಗ ಹಾರಿಸಬಹುದು. ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಟರ್ಬೊ ಇದ್ದರೆ ಅದರ ಒತ್ತಡ, ಅಂದರೆ ಬೂಸ್ಟ್, ಏರಿಸಬಹುದು. ಪವರ್ ಬರುವುದು ಅಲ್ಲಿಂದ. ಕಂಪನಿಯವರು 91ಕ್ಕೆ ಹೊಂದಿಸಿ ಕೊಟ್ಟ ಸ್ಕೂಟರಿಗೆ 100 ಹಾಕಿದರೆ ಅದಕ್ಕೆ ಏನು ಮಾಡಬೇಕೆಂದೇ ಗೊತ್ತಾಗಲ್ಲ. ನಾಕಿಂಗ್ ಪತ್ತೆಹಚ್ಚುವ ನಾಕ್ ಸೆನ್ಸರ್ ಇರುವ ಟರ್ಬೊ ಕಾರಿನ ಕತೆ ಸ್ವಲ್ಪ ಬೇರೆ. ಬಿಸಿಲಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಒಳಗಿನ ಗಾಳಿ ಕಾದಾಗ ಕಂಪ್ಯೂಟರ್ ಟೈಮಿಂಗನ್ನು ಹಿಂದಕ್ಕೆ ಎಳೆದಿರುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತಿರುತ್ತದೆ. ಒಳ್ಳೆಯ ಪೆಟ್ರೋಲ್ ಇದ್ದರೆ ಅಷ್ಟು ಎಳೆಯಬೇಕಾಗಲ್ಲ. ಕಳೆದುಹೋಗಬೇಕಿದ್ದ ಪವರ್ ಉಳಿಯಿತು ಅನ್ನಿ.

ಈಗ ಒಂದು ಎಚ್ಚರಿಕೆ. ನಮ್ಮ ಹುಡುಗರು ಟ್ಯೂನಿಂಗ್ ಕಲಿಯುವುದು ಅಮೆರಿಕದವರ ವಿಡಿಯೊ ನೋಡಿ. ಅಲ್ಲಿ "93ಕ್ಕೆ ಮ್ಯಾಪ್ ಮಾಡಿದ್ದೇವೆ" ಎನ್ನುತ್ತಾರೆ. ಮ್ಯಾಪ್ ಅಂದರೆ ಯಾವಾಗ ಕಿಡಿ, ಎಷ್ಟು ಪೆಟ್ರೋಲ್ ಎಂದು ಇಂಜಿನ್ ಕಂಪ್ಯೂಟರಿಗೆ ಬರೆದುಕೊಡುವ ಪಟ್ಟಿ. ನಮ್ಮ ಹುಡುಗರಿಗೆ ಖುಷಿ, ನಮ್ಮಲ್ಲಿ 95ರ ಪೆಟ್ರೋಲೇ ಸಿಗುತ್ತದಲ್ಲ ಅಂತ. ಆದರೆ ಅಮೆರಿಕದ ಬಂಕಿನಲ್ಲಿ ಬರೆದಿರುವುದು ಎರಡು ಬಗೆಯ ಪರೀಕ್ಷೆಗಳ ಸರಾಸರಿ. ನಮ್ಮಲ್ಲಿ ಹೇಳುವುದು ಅವೆರಡರಲ್ಲಿ ರಿಸರ್ಚ್ ಆಕ್ಟೇನ್ ಎಂಬ ಒಂದನ್ನೇ. ಅದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಅವರ 87 ನಮ್ಮ 91ಕ್ಕೆ ಹೆಚ್ಚುಕಮ್ಮಿ ಸಮ. ಅವರ 93 ಅಂದರೆ ನಮ್ಮ ಲೆಕ್ಕದಲ್ಲಿ 97, 98. ಅಲ್ಲಿಂದ ತಂದ ಮ್ಯಾಪನ್ನು ಇಲ್ಲಿನ 95 ನಂಬಿ ಹಾಕಿಕೊಂಡರೆ ಪಿಸ್ಟನ್ ಕೈಗೆ ಬರುತ್ತದೆ.

ಇನ್ನೊಂದು ವಿಷಯ ನಮ್ಮ ಊರಿನದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಇಲ್ಲಿ ಶೇಕಡಾ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಅಷ್ಟು ಕಡಿಮೆ ಗಾಳಿ ಎಳೆದುಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ಕಡಿಮೆ ಆಕ್ಟೇನ್ ಸಾಕಾಗುತ್ತದೆ. ಅಮೆರಿಕದ ಬೆಟ್ಟದ ಊರುಗಳಲ್ಲಿ ಅವರ ಲೆಕ್ಕದ 85 ಮಾರುವುದಕ್ಕೆ ಮೂಲ ಕಾರಣ ಇದೇ. ಹಳೇ ಕಾರ್ಬೊರೇಟರ್ ಬೈಕಿಗೆ ಸಿಲಿಂಡರಿನ ಹೆಡ್ ತೇಯಿಸಿ, ಕಂಪ್ರೆಶನ್, ಅಂದರೆ ಮಿಶ್ರಣವನ್ನು ಒತ್ತುವ ಪ್ರಮಾಣ, ಏರಿಸಿ, ಟೈಮಿಂಗ್ ಮುಂದಕ್ಕೆ ತಂದು, ಭಾನುವಾರ ಬೆಳಗ್ಗೆ ನಂದಿಬೆಟ್ಟ ಹತ್ತಿಸಿ ನೋಡುತ್ತೀರಿ. ಎಲ್ಲಾ ಚೆನ್ನಾಗಿದೆ. ನಂದಿ ಇನ್ನೂ ಎತ್ತರ, ಸುಮಾರು 1,478 ಮೀಟರ್. ಗಾಳಿಯೂ ತಣ್ಣಗೆ. ನಾಕ್ ಆಗಲು ಕಾರಣವೇ ಇಲ್ಲ. ಅದೇ ಬೈಕಿನಲ್ಲಿ ಸಕಲೇಶಪುರ ದಾಟಿ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ. ಸೆಕೆ, ದಟ್ಟ ಗಾಳಿ, ಹಿಂದೆ ಒಬ್ಬರು, ಲಗೇಜು. ಒಂದು ಏರು ಸಿಕ್ಕಿದ್ದೇ ತಡ, ಟಾಪ್ ಗೇರಿನಲ್ಲಿ ಥ್ರಾಟಲ್ ತಿರುವಿದರೆ ಕಟಕಟ ಶುರು. ಟರ್ಬೊ ಕಾರಿನವರು ಎತ್ತರದ ಈ ರಿಯಾಯಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಟರ್ಬೊ ಜಾಸ್ತಿ ದುಡಿದು ಕೊರತೆ ತುಂಬಿಕೊಳ್ಳುತ್ತದೆ, ಜೊತೆಗೆ ಗಾಳಿಯನ್ನೂ ಕಾಯಿಸುತ್ತದೆ.

ಪೆಟ್ರೋಲಿಗೆ ಬೆರೆಸುವ ಎಥನಾಲ್ ಬಗ್ಗೆ ಬೈಗುಳವೇ ಜಾಸ್ತಿ ಕೇಳುತ್ತಿದ್ದೇವೆ. ಮೈಲೇಜ್ ಇಳಿಯುವುದು ನಿಜ, ಲೀಟರಿಗೆ ಅದರಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಳೇ ಗಾಡಿಯ ರಬ್ಬರ್ ಪೈಪಿಗೂ ಆಗಿಬರಲ್ಲ. ಆದರೆ ಟ್ಯೂನರ್ ಕಣ್ಣಿಗೆ ಅದು ಒಳ್ಳೆಯ ಸರಕು. ಅದರ ಆಕ್ಟೇನ್ 108ರ ಆಸುಪಾಸು, ಆವಿಯಾಗುವಾಗ ಸಿಲಿಂಡರಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಶೇಕಡಾ 20 ಎಥನಾಲ್ ಬೆರೆತ ಮೇಲೆ ನಮ್ಮ ಸಾದಾ ಪೆಟ್ರೋಲೇ 91ರಿಂದ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. ಹಾಗಿದ್ದರೆ 95ರ ಪ್ರೀಮಿಯಂಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಇಂಜೆಕ್ಟರ್ ಸ್ವಚ್ಛವಾಗಿಡುವ ಮದ್ದು ಅದರಲ್ಲಿ ಇರಬಹುದು, ಆಕ್ಟೇನಿಗಾಗಿ ಅಂತೂ ಬೇಡ ಎಂಬುದು ನನ್ನ ಅಭಿಪ್ರಾಯ. ನಂಬರ್ ಬೇಕೇ ಬೇಕೆಂದರೆ 97, 99, 100 ಇವೆ. ಇಂಡಿಯನ್ ಆಯಿಲ್ 100 ಆಕ್ಟೇನ್ ತಂದದ್ದು 2020ರ ಡಿಸೆಂಬರಿನಲ್ಲಿ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎಲ್ಲಾ ಬಂಕಿನಲ್ಲೂ ಸಿಗುವುದಿಲ್ಲ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಕೇಳಲೇಬೇಡಿ.

ಅದಕ್ಕೇ ಒಳ್ಳೆಯ ಟ್ಯೂನರ್ ಬಾನೆಟ್ ಎತ್ತುವ ಮೊದಲು ಕೇಳುವುದು, "ಎಲ್ಲೆಲ್ಲಿ ಓಡಿಸ್ತೀರಾ? ಏನು ಹಾಕಿಸ್ತೀರಾ?" ಸುಳ್ಳು ಹೇಳಬೇಡಿ. ದಿನಾ ಹಾಕಿಸುವುದು ಸಾದಾ ಆದರೆ ಸಾದಾ ಎಂದೇ ಹೇಳಿ, ಅದಕ್ಕೇ ಮ್ಯಾಪ್ ಮಾಡಿಸಿ. ಹತ್ತು ಕುದುರೆ ಶಕ್ತಿ ಕಡಿಮೆ ಬಂದರೂ ಪರವಾಗಿಲ್ಲ, ಅಲ್ವಾ? ಆಮೇಲೆ ಒಂದು ವಾರ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಬಿಸಿಲಿಗೆ ಹಿಡಿಯಿರಿ, ಭೂತಗನ್ನಡಿ ಇದ್ದರೆ ಒಳ್ಳೆಯದು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣ ಕರಿ ಚುಕ್ಕೆ, ಪಕ್ಕದಲ್ಲಿ ಮಿಣುಗುವ ಬೂದು ಕಣ ಕಂಡರೆ ಅನುಮಾನ ಪಡಿ. ಆ ಮಿಣುಗು ಪಿಸ್ಟನ್ನಿನ ಅಲ್ಯುಮಿನಿಯಂ ಇರಬಹುದು. ಸದ್ದು ಕಿವಿಗೆ ಬೀಳದಿದ್ದರೂ ನಾಕ್ ಆಗುತ್ತಿರಬಹುದು. ಆ ದಿನವೇ ಟೈಮಿಂಗ್ ಇಳಿಸಿ.

100ಕ್ಕೆ ಮ್ಯಾಪ್ ಮಾಡಿಸಿಕೊಂಡು ದೂರದ ಊರಿನಲ್ಲಿ ಸಾದಾ ಹಾಕಿಸಬೇಕಾಗಿ ಬಂದರೆ ಲೆಕ್ಕ ಕಷ್ಟವಲ್ಲ. ಟ್ಯಾಂಕಿನಲ್ಲಿ 10 ಲೀಟರ್ 100 ಉಳಿದಿದೆ, ಮೇಲೆ 10 ಲೀಟರ್ 95 ಹಾಕಿಸಿದಿರಿ, ಹತ್ತಿರಹತ್ತಿರ 97.5 ಆಯಿತು. ಮೆಲ್ಲಗೆ ಓಡಿಸಿ, ಆರ್‌ಪಿಎಂ ಕಡಿಮೆ ಇದ್ದಾಗ ಪೂರ್ತಿ ಆಕ್ಸಲರೇಟರ್ ಒತ್ತಬೇಡಿ, ಏರಿನಲ್ಲಿ ಒಂದು ಗೇರ್ ಇಳಿಸಿ. ಎರಡು ಮ್ಯಾಪ್ ಇಟ್ಟುಕೊಳ್ಳುವ ಸೌಕರ್ಯ ನಿಮ್ಮ ಗಾಡಿಯಲ್ಲಿದ್ದರೆ, ಬಂಕಿನಿಂದ ಹೊರಡುವ ಮೊದಲೇ ಕೆಳಗಿನದಕ್ಕೆ ಬದಲಾಯಿಸಿಕೊಳ್ಳಿ.

ನಮಸ್ಕಾರ.