ಸ್ಟೆಪ್ನಿ ವಾಪಸ್ ಕೊಡಲು ಕಾರ್ಕಳಕ್ಕೆ

ಹಿಂದಿನ ಸೀಟಲ್ಲಿ ಬೆಲ್ಟ್ ಹಾಕಿಕೊಂಡು ಕೂತಿರುವುದು ಯಾರು ನೋಡಿ. ಮಗು ಅಲ್ಲ, ಸ್ಟೆಪ್ನಿ. ಬ್ರೇಕ್ ಒತ್ತಿದಾಗೆಲ್ಲ ಉರುಳಿ ಬಂದು ನನ್ನ ಸೀಟಿಗೆ ಗುದ್ದುತ್ತಿತ್ತು. ಗುರುಪುರ ಸೇತುವೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಕಟ್ಟಿಹಾಕಿದೆ. ಡಿಕ್ಕಿಯಲ್ಲಿ ಜಾಗ ಇಲ್ಲ. ಮೂಡುಬಿದಿರೆಯ ದೊಡ್ಡಮ್ಮನಿಗೆ ಅಂತ ಅಮ್ಮ ಒಂದು ಗೋಣಿ ತೆಂಗಿನಕಾಯಿ ತುಂಬಿಸಿದ್ದಾರೆ.

ಈ ಸ್ಟೆಪ್ನಿ ನನ್ನದಲ್ಲ. ಕಾರ್ಕಳದ ಒಬ್ಬ ಹುಡುಗನದ್ದು. ಅದನ್ನು ವಾಪಸ್ ಕೊಡುವುದೇ ಇವತ್ತಿನ ಕೆಲಸ. ಮಂಗಳೂರಿನಿಂದ ಕಾರ್ಕಳಕ್ಕೆ ಸುಮಾರು 50 ಕಿಲೋಮೀಟರ್. ಮುಂದೆ ಒಂದು ಟಿಪ್ಪರ್ ಸಿಕ್ಕಿದೆ, ಓವರ್‌ಟೇಕ್ ಮಾಡುವ ಹಾಗೂ ಇಲ್ಲ. ಕಥೆ ಹೇಳಲು ಬೇಕಾದಷ್ಟು ಹೊತ್ತು ಉಂಟು.

ಈಗ ಸ್ಕ್ರೀನಿನಲ್ಲಿ ಬರುತ್ತಿರುವುದು ಹೋದ ಭಾನುವಾರದ್ದು. ಮೂಡುಬಿದಿರೆ ಕಡೆಯ ಒಂದು ಪದವು, ಅಂದರೆ ಎತ್ತರದ ಬಯಲು. ಜಾಗದ ಹೆಸರು ಹೇಳುವುದಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಲ್ಲಿ ಸಣ್ಣ ಮಟ್ಟಿನ ಆಟೋಕ್ರಾಸ್ ಇತ್ತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಮಣ್ಣಿನ ಟ್ರ್ಯಾಕ್, ಒಂದು ಸಲಕ್ಕೆ ಒಂದೇ ಕಾರು. ಪಕ್ಕದಲ್ಲಿ ಬಂದು ಉಜ್ಜುವವರು ಯಾರೂ ಇಲ್ಲ. ಗಡಿಯಾರ ಒಂದೇ ಎದುರಾಳಿ. ಇಂಜಿನ್ ಎಷ್ಟು ಸಿಸಿ ಅಂತ ನೋಡಿ ಕ್ಲಾಸ್ ಮಾಡುತ್ತಾರೆ. ಕಂಬಳದಲ್ಲಿ ಹಲ್ಲು ನೋಡಿ ಕೋಣಗಳನ್ನು ಕಿರಿಯ, ಹಿರಿಯ ಅಂತ ವಿಂಗಡಿಸುವುದಿಲ್ವಾ, ಹೆಚ್ಚುಕಮ್ಮಿ ಹಾಗೆಯೇ.

ನನ್ನದು ಹಳೆಯ ಮಾರುತಿ ಝೆನ್, 993 ಸಿಸಿ. ಬಣ್ಣ ಯಾವುದು ಅಂತ ಕೇಳಬೇಡಿ, ಒಂದೊಂದು ಬಾಗಿಲು ಒಂದೊಂದು ಬಣ್ಣ. ಒಳಗೆ ಮಾತ್ರ ರೋಲ್ ಕೇಜ್ (ಪಲ್ಟಿಯಾದರೆ ಕಾಪಾಡುವ ಕಬ್ಬಿಣದ ಪಂಜರ), ಸೀಟು, ಬೆಲ್ಟ್ ಎಲ್ಲ ಸರಿಯಾಗಿ ಉಂಟು. ಅದರಲ್ಲಿ ಜುಗ್ಗತನ ಮಾಡುವುದಿಲ್ಲ.

ನಮ್ಮ ಪದವಿನ ಮಣ್ಣಿನ ಸ್ವಭಾವ ಈ ಕರಾವಳಿಯವರಿಗೆ ಗೊತ್ತಿರುತ್ತದೆ. ಮೇಲೆ ಒಂದಿಂಚು ಕೆಂಪು ಧೂಳು, ಅಡಿಯಲ್ಲಿ ಮುರಕಲ್ಲು. ಇಪ್ಪತ್ತು ಕಾರು ಓಡಿದ ಮೇಲೆ ಧೂಳೆಲ್ಲ ಹಾರಿಹೋಗಿ ಕಲ್ಲು ಹಲ್ಲು ಕಿರಿಯುತ್ತದೆ. ಬೆಳಿಗ್ಗೆ ನಡೆದು ನೋಡಿಕೊಂಡ ಟ್ರ್ಯಾಕೇ ಬೇರೆ, ಮಧ್ಯಾಹ್ನ ಓಡಿಸುವ ಟ್ರ್ಯಾಕೇ ಬೇರೆ.

ನನ್ನ ಸರದಿಗೆ ಕಾಯುತ್ತಾ ಹೆಲ್ಮೆಟ್ ಹಾಕಿ ಕೂತಿದ್ದೆ. ಕಿಟಕಿಯ ಹತ್ತಿರ ಒಂದು ಮುಖ ಬಂತು. ಹತ್ತೊಂಬತ್ತು ವರ್ಷ ಇರಬಹುದು. ಕಣ್ಣಿನ ಸುತ್ತ ಬಿಟ್ಟು ಉಳಿದದ್ದೆಲ್ಲ ಕೆಂಪು ಧೂಳು. ಅವನದೂ ಝೆನ್, ನನ್ನದೇ ಕ್ಲಾಸು. ಆಗಷ್ಟೇ ಓಡಿಸಿ ಇಳಿದಿದ್ದ.

"ಅಣ್ಣ, ಮೂರನೇ ತಿರುವಿನಲ್ಲಿ ಎಡಬದಿಗೆ ಹೋಗಬೇಡಿ. ಅಲ್ಲಿ ಕಲ್ಲು ಎದ್ದಿದೆ."

ನಾನು "ಆಯ್ತು ಆಯ್ತು" ಅಂದೆ. ಒಳಗೊಳಗೆ ಏನಂದುಕೊಂಡೆ ಗೊತ್ತಾ? ನನಗೆ ದಾರಿ ತಪ್ಪಿಸಲು ಬಂದಿದ್ದಾನೆ ಹುಡುಗ. ಎಡಬದಿಯೇ ವೇಗದ ದಾರಿ ಇರಬೇಕು, ಅದಕ್ಕೇ ಬೇಡ ಅನ್ನುತ್ತಿದ್ದಾನೆ. ನನಗೆ ನಲವತ್ತಮೂರು ವರ್ಷ, ನಾನೇನು ನಿನ್ನೆ ಹುಟ್ಟಿದವನಾ?

ನೋಡಿ, ಇದು ಕಾರಿನೊಳಗಿನ ಕ್ಯಾಮರಾ. ಮೊದಲನೇ ತಿರುವು, ಎರಡನೇದು, ಮೂರನೇದಕ್ಕೆ ನಾನು ಚಂದಕ್ಕೆ ಎಡಬದಿಗೇ ಹೋಗುತ್ತೇನೆ. ಈಗ ಕೇಳಿ. ಆ ಶಬ್ದ! ಟೈರಿನ ಪಕ್ಕ ಸೀಳಿ ಹೋಯಿತು. ಆಮೇಲೆ ನಾನು ತುಳುವಿನಲ್ಲಿ ಹೇಳಿದ್ದನ್ನು ಕಟ್ ಮಾಡಿದ್ದೇನೆ, ಮನೆಯಲ್ಲಿ ದೊಡ್ಡವರೂ ನೋಡುತ್ತಾರೆ.

ಕುಂಟುತ್ತಾ ಹೊರಗೆ ಬಂದೆ. ನನ್ನ ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ. ಎರಡನೇ ಓಟಕ್ಕೆ ಇನ್ನು ಅರ್ಧ ಗಂಟೆ. ಅಷ್ಟರಲ್ಲಿ ಅದೇ ಹುಡುಗ ಒಂದು ಚಕ್ರ ಉರುಳಿಸಿಕೊಂಡು ಬಂದ. ಅವನದೇ ಸ್ಟೆಪ್ನಿ. "ಹೇಳಿದೆನಲ್ಲ" ಅಂತ ಒಂದು ಮಾತು ಆಡಲಿಲ್ಲ ಮಾರಾಯ್ರೆ. ಜ್ಯಾಕ್ ಇಟ್ಟ, ನಾಲ್ಕು ನಟ್ ಬಿಚ್ಚಿದ, ಹಾಕಿದ, ಪಾನದ ಮೇಲೆ ಕಾಲಿಟ್ಟು ಒಂದೊಂದನ್ನೂ ಬಿಗಿ ಮಾಡಿದ. "ನಿನಗೆ ಬೇಕಾದರೆ?" ಅಂತ ಕೇಳಿದೆ. "ನಾನು ಎಡಕ್ಕೆ ಹೋಗುವುದಿಲ್ಲ ಅಣ್ಣ" ಅಂದ. ಅಷ್ಟೇ.

ಇಲ್ಲಿ ನಾನೊಂದು ಹಳೆಯ ಸಂಗತಿ ಹೇಳಬೇಕು. 2009. ಇಂಥದ್ದೇ ಒಂದು ಪಂದ್ಯ. ನನ್ನ ಕ್ಲಾಸಿನವರೊಬ್ಬರ ಕಾರಿನ ಆಕ್ಸಿಲರೇಟರ್ ಕೇಬಲ್ ತುಂಡಾಯಿತು. "ನಿನ್ನಲ್ಲಿ ಉಂಟಾ?" ಅಂತ ಬಂದು ಕೇಳಿದರು. ನನ್ನ ಟೂಲ್ ಬಾಕ್ಸಿನಲ್ಲಿ ಹೊಸದು ಇತ್ತು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಇಲ್ಲ ಅಂದೆ. ಅವತ್ತು ಗೆದ್ದ ಕಪ್ಪು ಈಗಲೂ ಮನೆಯ ಶೋಕೇಸಿನಲ್ಲಿದೆ. ಅಮ್ಮ ಅದರಲ್ಲಿ ಸೇಫ್ಟಿ ಪಿನ್ನು, ಗುಂಡಿ ಹಾಕಿಡುತ್ತಾರೆ.

ಕೈಕಂಬದಲ್ಲಿ ಬನ್ಸು, ಚಾ ಆಯಿತು. ಮುಂದುವರಿಸುತ್ತೇನೆ.

ಹೋದ ಭಾನುವಾರ ಇನ್ನೊಬ್ಬಳು ಸಿಕ್ಕಿದಳು. ನಾಲ್ಕನೇ ತಿರುವಿನ ಮಾರ್ಷಲ್. ಇಂಜಿನಿಯರಿಂಗ್ ಮೊದಲ ವರ್ಷ, ಕೈಯಲ್ಲಿ ಹಳದಿ ಬಾವುಟ, ಕೆಂಪು ಬಾವುಟ, ಕಾಲ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್. ನಾನು ಒಳ್ಳೆಯ ಶಾಟ್ ಸಿಗಲಿ ಅಂತ ಹಗ್ಗ ದಾಟಿ ನಿಂತಿದ್ದೆ.

"ಸರ್, ಹಗ್ಗದ ಆಚೆ."

"ಅಲ್ಲಮ್ಮ, ನಾನು ವಿಡಿಯೋ ಮಾಡುತ್ತಿರುವವನು."

"ಕಾರಿಗೆ ಅದು ಗೊತ್ತಾಗುವುದಿಲ್ಲ ಸರ್."

ಸುಮ್ನೆ ಆಚೆ ಹೋದೆ. ನಮ್ಮ ಕಾಲದಲ್ಲಿ ದೊಡ್ಡವರು ಹಗ್ಗ ದಾಟಿದರೆ ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮರ್ಯಾದೆ ಕೊಡುತ್ತಲೇ ದಬಾಯಿಸುವುದು ಇವಳಿಗೆ ಎಷ್ಟು ಸಲೀಸಾಗಿ ಬಂತು ನೋಡಿ.

ಊಟದ ಹೊತ್ತಿಗೆ ಮಾತಾಡಿಸಿದೆ. ಅವಳಿಗೆ ಸ್ಟೇರಿಂಗ್ ಬೇಡವಂತೆ. ರ‍್ಯಾಲಿಯಲ್ಲಿ ಪಕ್ಕದ ಸೀಟು ಬೇಕು, ನ್ಯಾವಿಗೇಟರ್ ಆಗಬೇಕು. ನಮ್ಮ ಕಡೆಯವರಿಗೆ ಆ ಆಸೆ ಹುಟ್ಟಿದರೆ ಆಶ್ಚರ್ಯ ಇಲ್ಲ. ರ‍್ಯಾಲಿ ಚಾಲಕ ಗೌರವ್ ಗಿಲ್ ಪಕ್ಕ ಕೂತು ದಾರಿ ಓದಿದ ಮೂಸಾ ಶರೀಫ್ ಇಲ್ಲೇ ಕಾಸರಗೋಡಿನ ಮೊಗ್ರಾಲಿನವರು. ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಸ್ಪೋರ್ಟ್ಸ್‌ಗೆ ಅದೇ ಮೊದಲು.

ರ‍್ಯಾಲಿ ಕಾರಿನಲ್ಲಿರುವ ಒಂದು ಬೋರ್ಡಿನ ಬಗ್ಗೆ ಅವಳೇ ನನಗೆ ಪಾಠ ಮಾಡಿದಳು. ಒಂದು ಬದಿ ಹಸಿರಿನಲ್ಲಿ 'ಓಕೆ', ಇನ್ನೊಂದು ಬದಿ ಕೆಂಪಿನಲ್ಲಿ 'ಎಸ್‌ಒಎಸ್'. ಕಾರು ಪಲ್ಟಿಯಾಗಿ ಒಳಗಿದ್ದವರಿಗೆ ಏನೂ ಆಗಿಲ್ಲ ಅಂದರೆ ಹಸಿರು ತೋರಿಸುತ್ತಾರೆ, ಹಿಂದಿನವರು ಮುಂದೆ ಹೋಗಬಹುದು. ಕೆಂಪು ತೋರಿಸಿದರೆ ಹಿಂದೆ ಬರುವ ಕಾರು ನಿಲ್ಲಲೇಬೇಕು. ಗೆಲ್ಲುವ ಹಾಗಿದ್ದರೂ ನಿಲ್ಲಬೇಕು. ಇದನ್ನು ಹೇಳುವಾಗ ಅವಳು ಚಿತ್ರಾನ್ನದ ತಟ್ಟೆಯನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು. ನನ್ನ ತಲೆಯಲ್ಲಿ ಮಾತ್ರ ಆ ಕೇಬಲ್ಲೇ ಸುತ್ತುತ್ತಿತ್ತು.

ಈಗಿನ ಮಕ್ಕಳಿಗೆ ಶಿಸ್ತಿಲ್ಲ, ರೀಲ್ಸ್ ಒಂದೇ ಗೊತ್ತು ಅಂತ ಕಮೆಂಟ್ ಹಾಕುವವರು ಇದ್ದಾರೆ. ರಾತ್ರಿ ಹೈವೇಯಲ್ಲಿ ಸೈಲೆನ್ಸರ್ ಕಿತ್ತು ಓಡಿಸುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಪಣಂಬೂರಿನ ಕಡೆ ನಾನೂ ಅದನ್ನೇ ಮಾಡಿದ್ದೇನೆ. ಹೆಮ್ಮೆಯ ವಿಷಯ ಅಲ್ಲ. ಆಗ ಇಂಥ ಒಂದು ಮೈದಾನ ಸಿಕ್ಕಿದ್ದರೆ ಅಲ್ಲಿಗೇ ಹೋಗುತ್ತಿದ್ದೆ.

ಮೈದಾನದ ಮಾತು ಬಂತಲ್ಲ, ಅಲ್ಲೇ ನನಗೆ ಹೊಟ್ಟೆ ಉರಿಯುವುದು. ಫುಟೇಜಿನಲ್ಲಿ ಟ್ರ್ಯಾಕಿನ ಆಚೆ ಬಿಳಿ ಬಣ್ಣ ಬಳಿದ ಕಲ್ಲುಗಳು ಕಾಣುತ್ತಿವೆಯಾ? ಲೇಔಟಿನ ಕಲ್ಲು. ಮುಂದಿನ ವರ್ಷ ಅಲ್ಲಿ ಸೈಟು. ಜಾಗದ ಧಣಿಗಳು ಒಳ್ಳೆಯವರು, ಈ ಸಲ ಒಂದು ಪೈಸೆ ತೆಗೆದುಕೊಳ್ಳದೆ ಕೊಟ್ಟರು. ಹೆಸರು ಹೇಳಿದರೆ ನಾಳೆ ರಾತ್ರಿಯೇ ಹತ್ತು ಗಾಡಿ ಅಲ್ಲಿ ಸುತ್ತು ಹೊಡೆಯುತ್ತವೆ, ಅವರು ಗೇಟು ಹಾಕಿಸುತ್ತಾರೆ. ಅದಕ್ಕೇ ಹೆಸರು ಹೇಳಲಿಲ್ಲ.

ಪಕ್ಕಾ ಟ್ರ್ಯಾಕ್ ಬೇಕು ಅಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗಬೇಕು, ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ. ಕಾರನ್ನು ಲಾರಿಗೆ ಹಾಕಿ ಅಲ್ಲಿಗೆ ಒಯ್ಯುವ ದುಡ್ಡಿನಲ್ಲಿ ಇಲ್ಲಿಯ ಹುಡುಗರು ಇಡೀ ವರ್ಷ ಓಡಿಸುತ್ತಾರೆ. ಆ ಕರಿ ಸ್ಪೀಡ್‌ವೇಗೆ ಇಟ್ಟಿರುವುದು ಎಸ್. ಕರಿವರ್ಧನ್ ಅವರ ಹೆಸರು. 1980ರ ದಶಕದ ಕೊನೆಗೆ ಅವರು ಏನು ಮಾಡಿದರು ಗೊತ್ತಾ? ಮಾರುತಿ 800ರ ಇಂಜಿನ್ ತೆಗೆದು ಅಗ್ಗದ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ ಅಂತ. ನಮ್ಮಮ್ಮ ತರಕಾರಿ ತರಲು ಹೋಗುತ್ತಿದ್ದ ಕಾರಿನ ಅದೇ 796 ಸಿಸಿ ಇಂಜಿನ್. ಶುರುವಿನಲ್ಲಿ ಅದನ್ನೇ ಓಡಿಸಿದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದರು. ಕಾರು ಅಗ್ಗ ಆದರೆ ಸಾಕು, ಮಕ್ಕಳು ಎಲ್ಲಿಂದಲೋ ಬಂದೇ ಬರುತ್ತಾರೆ. ನಮ್ಮಲ್ಲಿ ಕಾರು ಹೇಗೋ ಹೊಂದಿಕೆಯಾಗುತ್ತದೆ, ನೆಲ ಇಲ್ಲ.

ಕಂಬಳಕ್ಕೆ ಊರೂರಲ್ಲಿ ಕರೆ ಉಂಟು, ಅಂದರೆ ಕೋಣ ಓಡಿಸುವ ಕೆಸರಿನ ಟ್ರ್ಯಾಕ್. ಈಗ ಬಲಗಡೆ ಹೋದ ಬೋರ್ಡು ನೋಡಿದಿರಾ, ಅಶ್ವತ್ಥಪುರ. ಅಲ್ಲಿಯ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಆ ಕರೆ ಅಲ್ಲಿ ಇಲ್ಲದಿದ್ದರೆ ಅವರು ಎಲ್ಲಿ ಓಡುತ್ತಿದ್ದರು? ನಮಗೂ ಅಂಥದ್ದೊಂದು ಬೇಕು. ಡಾಂಬರು ಬೇಡ, ಗ್ಯಾಲರಿ ಬೇಡ. ಜಿಲ್ಲೆಗೆ ಒಂದು, ನಾಲ್ಕೈದು ಎಕರೆ ಮುರಮಣ್ಣು, ಸುತ್ತ ಬೇಲಿ, ಹತ್ತಿರದಲ್ಲಿ ಒಂದು ಆಂಬ್ಯುಲೆನ್ಸ್ ನಿಲ್ಲುವಷ್ಟು ಜಾಗ.

ಸರಿ, ಫಲಿತಾಂಶ. ಎರಡನೇ ಓಟದಲ್ಲಿ ನಾನು ಹುಡುಗನ ಸ್ಟೆಪ್ನಿ ಹಾಕಿಕೊಂಡು ಜೋರಾಗಿಯೇ ಓಡಿಸಿದೆ. ನಾಲ್ಕನೇ ಸ್ಥಾನ. ಅವನು ಎರಡನೇ ಸ್ಥಾನ. ನಡುವೆ ನಾನು ಅವನ ಟೈರನ್ನೂ ಕೆರೆದು ಹಾಳು ಮಾಡಿದ್ದೆ, ಅದೂ ಮೂರನೇ ತಿರುವಿನಲ್ಲೇ. ಈ ಸಲ ಬಲಬದಿ. ಹಾಗಾಗಿ ಚಕ್ರ ಮನೆಗೆ ತಂದು ಹೊಸ ಟೈರು ಹಾಕಿಸಿದೆ.

ಕಾರ್ಕಳ ಬಂತು. ಇದು ಅವನ ಮಾವನ ಗ್ಯಾರೇಜು. ಒಂದು ಓಮ್ನಿಯ ಅಡಿಯಿಂದ ಎರಡು ಕಾಲು ಹೊರಗೆ ಕಾಣುತ್ತಿದೆಯಲ್ಲ, ಅದೇ ನಮ್ಮ ಹೀರೋ.

"ಬನ್ನಿ ಅಣ್ಣ, ಬನ್ನಿ. ಅಯ್ಯೋ, ಹೊಸದು ಯಾಕೆ ಹಾಕಿಸಿದಿರಿ?"

ಕೈ ಒರೆಸಿಕೊಂಡು ಟೈರಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಇನ್ನೊಮ್ಮೆ ಒತ್ತಿದ. ಏನೋ ಹೇಳಬೇಕು, ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

"ಅಣ್ಣ, ನಿಮ್ಮ ಕಾರಿಗೂ ಇಷ್ಟೇ ಗಾಳಿ ಹಾಕುವುದಾ?"

"ಹೌದು. ಯಾಕೆ?"

"ಮಣ್ಣಿಗೆ ಇದು ಜಾಸ್ತಿ ಆಯಿತು."

ವಾಲ್ವಿನ ಪಿನ್ ಒತ್ತಿ ಹಿಡಿದ. ಗಾಳಿ ಇಳಿಯುವ ಶಬ್ದ ಕೇಳುತ್ತಿದೆಯಾ? ಗೇಜ್ ಇಟ್ಟ, ಮತ್ತೆ ಸ್ವಲ್ಪ ಬಿಟ್ಟ. ಆಮೇಲೆ ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಮಳೆ ಬಂದರೆ ಎಷ್ಟು, ಎಲ್ಲ ಬಿಡಿಸಿ ಹೇಳಿದ. ಆ ನಂಬರು ಬರುವ ಜಾಗದಲ್ಲಿ ನಾನು ಆಡಿಯೋ ಕಟ್ ಮಾಡಿದ್ದೇನೆ. ನನ್ನ ಕ್ಲಾಸಿನಲ್ಲಿ ಓಡಿಸುವವರೂ ಈ ಚಾನೆಲ್ ನೋಡುತ್ತಾರೆ.